ಬಾವಿಗೆ ಹಾಕಿದ ಕೂಗು

“ನೀರಿಲ್ಲ ಅಂದೆನಲ್ಲ, ನಡೀರಿ. ಬಾವಿ ತಳ ಕಂಡೈತಿ,” ಎಂದು ಊರಗೌಡ ಬಸಗೊಂಡಪ್ಪ ಬಾವಿಕಟ್ಟೆಯ ಮೇಲೆ ಕೂತೇ ಗದರಿದ. ಟಿಕೋಟಾ ರಸ್ತೆಯ ಆ ಹಳ್ಳಿಯಲ್ಲಿ ಕೇರಿಯ ಹೆಂಗಸರು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಮೇಲ್ಜಾತಿಯವರು ಸೇದಿ ಎತ್ತರದಿಂದ ಸುರಿದರೆ ಹಿಡಿದುಕೊಳ್ಳಬೇಕು. ೧೯೫೯ರ ಆ ಬೇಸಿಗೆಯಲ್ಲಿ ಮೂರು ದಿನದಿಂದ ಯಾರೂ ಸುರಿದಿರಲಿಲ್ಲ.

ವಿಜಾಪುರದ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ದಶರಥ, ತಾಯಿ ಸೀತವ್ವನ ಖಾಲಿ ಕೊಡ ಹಿಡಿದು ಮುಂದೆ ಬಂದ. “ಹಗ್ಗ ಇಳಿಬಿಟ್ಟು ಅಳದು ತೋರಸ್ರಿ.”

“ಅಳಸಾಕ ನೀ ಯಾವ ಊರ ಸಾಹೇಬಲೇ?”

“ಉತ್ತರ ಧ್ರುವದಾಗ ನೀರಾಗ ಮುಳುಗಿ ಹೋಗೂ ಹಡಗೊಂದು ಬರ್ಫದ ಬುಡಕ ಹಾದು ಹೋಗೇತ್ರಿ. ತಳಕ್ಕ ಸಪ್ಪಳ ಬಿಟ್ಟು, ಅದು ತಿರುಗಿ ಬರೂ ಹೊತ್ತು ಎಣಿಸಿ, ಸಮುದ್ರದ ಆಳ ಬರಕೊಂಡಾರ. ಹಾಸ್ಟೆಲ್ ವಾಚನಾಲಯದಾಗ ಓದೇನಿ. ನಿಮಗ ಇದೊಂದು ಬಾವಿ ಅಳಿಯಾಕ ಆಗೂದಿಲ್ಲೇನ್ರಿ?”

“ಸಮುದ್ರಕ್ಕ ಹೇಳವರು ಕೇಳವರು ಇಲ್ಲ. ಈ ಬಾವಿಗಿ ಅದಾರ.”

ಸೀತವ್ವ ಮಗನ ಅಂಗಿ ಜಗ್ಗಿದಳು. “ಸುಮ್ಕಿರೋ ಯಪ್ಪಾ. ಸಿಟ್ಟಿಗೇಳಿಸಿದ್ರ ನಾಳೆನೂ ಹನಿ ಹಾಕೂದಿಲ್ಲ.”

ಯಂತ್ರವಿಲ್ಲದೆ ಬರೀ ಕೂಗಿನಿಂದ ಆಳ ಸಿಗುವುದಿಲ್ಲವೆಂದು ದಶರಥನಿಗೆ ಗೊತ್ತಿತ್ತು. ಆದರೆ ಮೈಯೆಲ್ಲ ಉರಿಯುತ್ತಿತ್ತು. ಕಟ್ಟೆಗೆ ಮೈ ತಾಗದಂತೆ ಕತ್ತು ಚಾಚಿ, “ಓ...” ಎಂದು ಕೂಗಿದ. ಬಾವಿ ತಿರುಗಿ ಕೂಗಿತು.

“ನಾ ಏನೂ ಮುಟ್ಟಿಲ್ಲ, ನೋಡ್ರಿ,” ಎಂದ.

ಬಸಗೊಂಡಪ್ಪ ಹಾವು ತುಳಿದವನಂತೆ ಎದ್ದ. “ನಿನ್ನ ದನಿ ನೀರಿಗಿ ಬಡದು ಬಂತಲ್ಲಲೇ! ಇದ್ದಷ್ಟೂ ನೀರು ಮೈಲಿಗಿ ಆತು. ಲೇ ಅಮರಪ್ಪಾ, ಆಳು ಕರಕೊಂಡು ಬಾ. ಶುದ್ಧ ಆಗಾಕ ನೂರು ಕೊಡ ಸೇದಿ ಚೆಲ್ರಿ!”

ಅಮರಪ್ಪ ನಾಲ್ಕು ಆಳುಗಳೊಂದಿಗೆ ಓಡಿ ಬಂದ. ರಾಟೆ ಕಿರುಗುಟ್ಟಿತು. ತಳ ಕಂಡಿದ್ದ ಬಾವಿಯಿಂದ ಮೊದಲ ಕೊಡವೇ ತುಂಬಿ ತುಳುಕುತ್ತ ಬಂತು. ಹತ್ತಾಯಿತು, ನಲವತ್ತಾಯಿತು, ನೀರು ಬಗ್ಗಡವಾಗಲಿಲ್ಲ, ಹಗ್ಗ ಒಂದು ಮೊಳವೂ ಹೆಚ್ಚಿಗೆ ಇಳಿಯಲಿಲ್ಲ. ಬಸಗೊಂಡಪ್ಪ ನಾಚಿಕೆಯಿಲ್ಲದೆ ಗಟ್ಟಿಯಾಗಿ ಎಣಿಸುತ್ತಲೇ ಇದ್ದ.

ಚೆಲ್ಲಿದ ನೀರು ಕಾಲುವೆ ಹಿಡಿದು ಕೇರಿಯ ಇಳಿಜಾರಿಗೆ ಓಡಿತು. ಹೆಂಗಸರು ಓಡಿ ಹೋಗಿ ಕೊಡ ಒಡ್ಡಿದರು. ಯಾರೂ ಬೇಡವೆನ್ನಲಿಲ್ಲ, ಮೈಲಿಗೆಯಾದ ನೀರಿಗೆ ಯಾರ ಕಾವಲು?

ಸೀತವ್ವ ಮಗನ ಕೈಯಿಂದ ಕೊಡ ಕಸಿದುಕೊಂಡು ಕಂಠಮಟ್ಟ ತುಂಬಿಸಿದಳು. ತಲೆಯ ಮೇಲೆ ಇಟ್ಟುಕೊಂಡು, ಬಸಗೊಂಡಪ್ಪನಿಗೂ ಕೇಳುವಂತೆ ಹೇಳಿದಳು:

“ನಾಳೆ ಮುಂಜಾನೆನೂ ಬಂದು ಒಂದು ಕೂಗು ಹಾಕೋ ಯಪ್ಪಾ.”