ಹೆಸರಿಲ್ಲದ ರಕ್ತ

ಹೆಸರಿಲ್ಲದ ಆ ಹೆಂಗಸು ಯಾರೆಂದು ಅನಸೂಯಾಳಿಗೆ ತಿಳಿದುಹೋಯಿತು.

ತಿಳಿಯಬಾರದಿತ್ತು. ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅವಳ ಕೆಲಸ ರಕ್ತದ ಪ್ರೋಟೀನ್ ವಿವರಗಳನ್ನು ಕಂಪ್ಯೂಟರಿಗೆ ತುಂಬುವುದಷ್ಟೇ. ರಕ್ತ ಕೊಟ್ಟವರ ಹೆಸರು, ವಿಳಾಸ ಅಳಿಸಿಯೇ ಅವಳ ಮುಂದೆ ಬರುತ್ತಿತ್ತು. ಆದರೆ ವಂಶದಲ್ಲಿ ಹರಿದುಬರುವ ರೋಗದ ಅಧ್ಯಯನವಾದ್ದರಿಂದ ಒಂದೆರಡು ಸಂಗತಿ ಉಳಿಸಿದ್ದರು. ನಲವತ್ತೈದು ದಾಟಿದ ಹೆಂಗಸು. ಮಾತೃಭಾಷೆ ಕನ್ನಡ. ಸೋದರಮಾವನೊಂದಿಗೆ ಮದುವೆ.

ವಿಜಯವಾಡದಲ್ಲಿ ಅಂಥವರು ಎಷ್ಟು ಜನ ಸಿಕ್ಕಾರು? ಕಮಲಾ! ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ಶಂಕರಪ್ಪನವರ ಹೆಂಡತಿ. ಅವರು ಅವಳ ಸೋದರಮಾವನೇ. ಅಧ್ಯಯನಕ್ಕೆಂದು ಹಳೆಪೇಟೆ ಒನ್ ಟೌನ್‌ನಲ್ಲಿ ನಡೆದ ರಕ್ತದ ಶಿಬಿರಕ್ಕೆ ಅವಳನ್ನು ಕರೆದೊಯ್ದವಳು ಅನಸೂಯಾಳೇ. ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದದ್ದನ್ನು ಕಣ್ಣಾರೆ ಕಂಡಿದ್ದಳು. ಆ ಕಮಲಾಳ ಮಗಳು ಶ್ರಾವಣಿಗೂ ತನ್ನ ಮಗ ಗುರುದತ್ತನಿಗೂ ಮದುವೆ ಗೊತ್ತಾಗಿತ್ತು.

ಆ ಹೆಸರಿಲ್ಲದ ರಕ್ತದಲ್ಲಿ ರೋಗದ ಗುರುತು ಸ್ಪಷ್ಟವಾಗಿತ್ತು. ಕೆಟ್ಟ ಪ್ರೋಟೀನ್ ನರಗಳಲ್ಲಿ ಕೂಡಿಕೊಂಡು, ಮನುಷ್ಯನನ್ನು ಮೆಲ್ಲಮೆಲ್ಲನೆ ಮಂಚ ಹಿಡಿಸುವ ರೋಗ. ತಾಯಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಅರ್ಧಕ್ಕರ್ಧ.

"ಬಾಬ್ಜೀ, ಇದು ಇಂಥವರದೇ ರಕ್ತ ಅಂತ ಗೊತ್ತಾದರೆ ಏನು ಮಾಡಬೇಕು?" ಪಕ್ಕದ ಮೇಜಿನವನನ್ನು ಕೇಳಿದಳು.

"ಮರೀಬೇಕು ಮೇಡಂಗಾರು. ಮರೆಯೋಕಾಗದಿದ್ರೆ ನಿದ್ದೆಗೆಡಬೇಕು. ಅದಕ್ಕೆ ಓವರ್‌ಟೈಮ್ ಏನೂ ಕೊಡಲ್ಲ," ಎಂದು ಬಾಬ್ಜಿ ಆಕಳಿಸಿದ.

ಸಂಜೆ ಮನೆಗೆ ಹೊರಟಾಗ ಒಂದು ಚಪ್ಪಲಿ ಕಾಲಿನಿಂದ ಜಾರಿಹೋದದ್ದೂ ಅವಳಿಗೆ ತಿಳಿಯಲಿಲ್ಲ. ಆಟೋದವನು ಕೂಗಿ ಹೇಳಬೇಕಾಯಿತು. ದಿನವಿಡೀ ಕುರ್ಚಿಯಲ್ಲಿ ಕೂತು ಪಾದ ಜುಮುಗುಟ್ಟುವುದು ಈಚೆಗೆ ಮಾಮೂಲಾಗಿತ್ತು.

"ಯಾಕೆ ಮುಖ ಬಾಡಿದೆ?" ಎಂದು ಗಂಡ ಚಂದ್ರಮೌಳಿ ಕೇಳಿದ. ಅವಳ ತಾಯಿಯ ಕಿರಿ ತಮ್ಮ ಅವನು. ಅವಳು ತೊಟ್ಟಿಲಲ್ಲಿದ್ದಾಗಿನ ಮುಖವನ್ನೂ ಬಲ್ಲವನು.

"ಸುಸ್ತು," ಎಂದಳು. ಸುಳ್ಳೇನಲ್ಲ.

ಕಮಲಾಳಿಗೆ ಹೇಳಿದರೆ ಕೆಲಸ ಹೋಗುತ್ತದೆ. ಸಂಜೆ ಕಾಲೇಜಿನಲ್ಲಿ ಓದಿ, ಒದ್ದಾಡಿ ಹಿಡಿದ ಕೆಲಸ. ಹೇಳದಿದ್ದರೆ ಮಗನ ಬಾಳು. ನಾಲ್ಕಾರು ರಾತ್ರಿ ಹಾಸಿಗೆಯಲ್ಲಿ ಹೊರಳಿ ಹೊರಳಿ, ಕೊನೆಗೆ ಮೂರನೆಯ ದಾರಿ ಹಿಡಿದಳು. ಜಾತಕ ಕೂಡಿಬರುತ್ತಿಲ್ಲವೆಂದು ಹೇಳಿಕಳಿಸಿದಳು. ಯಾರ ಗುಟ್ಟೂ ಹೊರಬೀಳಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನವಾಗಲಿಲ್ಲ.

ಮರುದಿನವೇ ಕಮಲಾ ಬಂದು ನಡುಮನೆಯಲ್ಲಿ ನಿಂತಳು. ಕೂರೆಂದರೂ ಕೂರಲಿಲ್ಲ.

"ಎರಡೆರಡು ಕಡೆ ಜಾತಕ ತೋರಿಸಿ ಹೂಂ ಅಂದೋರು ನೀವೇ ಅಲ್ವೇನ್ರಿ, ಅನಸೂಯಕ್ಕಾ? ಈಗ ಗ್ರಹಗಳೇನು ಮನೆ ಬದಲಾಯಿಸಿದ್ವಾ? ನನ್ನ ಮಗಳಲ್ಲಿ ಏನು ಐಬು ಕಂಡ್ರಿ, ಬಾಯಿಬಿಟ್ಟು ಹೇಳ್ರಿ. ಹುಡುಗಿ ನಿನ್ನೆಯಿಂದ ಅನ್ನ ಮುಟ್ಟಿಲ್ಲ."

ಅನಸೂಯಾ ಸೋತಳು. "ಐಬು ಅವಳದಲ್ಲ ಕಮಲಾ. ನೀವು ಶಿಬಿರದಲ್ಲಿ ಕೊಟ್ಟಿರಲ್ಲ, ಆ ರಕ್ತ..." ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟಳು.

ಕಮಲಾ ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ನಾನೆಲ್ಲಿ ರಕ್ತ ಕೊಟ್ಟೆ ಮಾರಾಯ್ತಿ? ಅವತ್ತು ಶುಕ್ರವಾರ. ಶುಕ್ರವಾರ ಉಪ್ಪು, ಮೊಸರು ಕೂಡ ಮನೆಯಿಂದಾಚೆ ಕೊಡೋರಲ್ಲ ನಾವು, ಮೈಯಾಗಿನ ರಕ್ತ ಕೊಡ್ತೀನಾ? ಅಷ್ಟು ದೂರ ಕರ್ಕೊಂಡು ಹೋಗಿದ್ರಿ, ಬೇಜಾರಾದೀರಿ ಅಂತ ನರ್ಸಮ್ಮನ ಹತ್ರ ಹತ್ತಿ ಇಸ್ಕೊಂಡು ಒತ್ಕೊಂಡು ಬಂದೆ!"

ಎಷ್ಟೋ ದಿನಗಳ ಮೇಲೆ ಅನಸೂಯಾ ನಕ್ಕಳು. ಮದುವೆ ಉಳಿಯಿತು. ಕಮಲಾಳ ಮನಸ್ಸಿನಲ್ಲಿ ಒಂದಿಷ್ಟೂ ಅನುಮಾನ ಉಳಿಯಬಾರದೆಂದು, ಅವಳೆದುರೇ ಬಾಬ್ಜಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಆ ರಕ್ತದ ನಂಬರ್ ಹೇಳಿ ವಿಚಾರಿಸಿದಳು.

"ಅದು ಶಿಬಿರದ್ದೇ ಅಲ್ಲ ಮೇಡಂಗಾರು," ಎಂದ ಬಾಬ್ಜಿ. "ಅಲ್ಲಿ ಜನ ಸಾಲಲಿಲ್ಲವಲ್ಲ, ನಮ್ಮ ಆಸ್ಪತ್ರೆ ಸ್ಟಾಫ್ ಚೆಕಪ್‌ನಲ್ಲಿ ನಾವೆಲ್ಲ ಫಾರಂ ತುಂಬಿ ಕೊಟ್ವಲ್ಲ, ಅದರಲ್ಲಿ ಮಿಕ್ಕ ರಕ್ತಾನೇ ಸೇರಿಸಿಬಿಟ್ರು. ಯಾರನ್ನೂ ಕೇಳಲಿಲ್ಲ. ಹೆಸರೇ ಇಲ್ಲದ ಮೇಲೆ ಕೇಳೋದೇನು?"

ಫೋನ್ ಕಟ್ಟಾಯಿತು. ಕಮಲಾ ಸೆರಗು ಹೊದ್ದುಕೊಂಡು, ತುಂಬ ಮೆಲ್ಲಗೆ ಕೇಳಿದಳು:

"ನಿಮ್ಮ ಆಸ್ಪತ್ರೇಲಿ ನಿಮ್ಮನ್ನ ಬಿಟ್ರೆ ಕನ್ನಡದ ಹೆಂಗಸರು ಬೇರೆ ಯಾರಿದ್ದಾರೆ, ಅನಸೂಯಕ್ಕಾ?"