ಕಂಪ್ಯೂಟರಿನ ಕಣ್ಣು

ಯುವರಾಜ ಮನೆ ತಲುಪುವುದರೊಳಗೆ ಕಂಪ್ಯೂಟರಿನಲ್ಲಿ ಕೂತ ಕಳ್ಳಗಣ್ಣನ್ನು ಕಿತ್ತು ಹಾಕಬೇಕಿತ್ತು. ಪದ್ಮಾವತಮ್ಮನವರ ಮನೆಗೆ ಬಂದಿದ್ದ ಮುರಳಿ ಪೆನ್‌ಡ್ರೈವ್ ಚುಚ್ಚಿದ. ಪಕ್ಕದಲ್ಲೇ ಪವರ್‌ಲೂಮ್ ಮಗ್ಗ ಗೋಡೆ ಅದುರುವಂತೆ ಬಡಿದುಕೊಳ್ಳುತ್ತಿತ್ತು. ಹಿಂದೂಪುರದ ನೇಕಾರರ ಬೀದಿಯಲ್ಲಿ ಅಂಗಡಿ ಇಟ್ಟು ಬದುಕುವ ರಿಪೇರಿಯವನಿಗೆ ಅದೂ ಒಂದು ಸದ್ದೇ?

"ನಿನ್ನೆ ಮಧ್ಯಾಹ್ನ ನಾನು ಮನೆಯಾಗೆ ಏನ್ ಮಾಡ್ದೆ ಅನ್ನೋದನ್ನ ಕಲ್ಯಾಣದುರ್ಗದಾಗೆ ಕೂತ್ಕಂಡು ಹೇಳ್ತಾನೆ ಕಣಪ್ಪ," ಎಂದರು ಪದ್ಮಾವತಮ್ಮ.

ಯುವರಾಜ ಅವರ ಒಬ್ಬನೇ ಮಗ. ಕಲ್ಯಾಣದುರ್ಗದಲ್ಲಿ ಕೆಲಸ, ರಜೆ ಸಿಕ್ಕಾಗ ಊರಿಗೆ. ಸೀರೆಗೆ ಡಿಸೈನ್ ಹಾಕಲೆಂದು ಕಂಪ್ಯೂಟರ್ ತಂದಿಟ್ಟವನೂ ಅವನೇ. ಹೋದ ಸಲ ಬಂದಾಗ ಅದರೊಳಗೆ ಏನೋ ತುಂಬಿಸಿ ಹೋದನಂತೆ. ಪದ್ಮಾವತಮ್ಮ ಸೊಸೆಯ ಸ್ಟಿಕ್ಕರ್ ಬೊಟ್ಟೊಂದನ್ನು ಕ್ಯಾಮೆರಾಕ್ಕೆ ಅಂಟಿಸಿ ನೋಡಿದ್ದರು. ಚಿತ್ರ ನಿಂತರೂ ಮೈಕು ಕೇಳಿಸಿಕೊಳ್ಳುತ್ತಲೇ ಇತ್ತು.

ಅವರ ಮುಂಗೈ ತುಂಬ ಉಗುರಿನ ಹಸಿ ಗೀರುಗಳು. ಮುರಳಿಯ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಸೆರಗೆಳೆದುಕೊಂಡರು. ಮಗ ಹೊಡೆಯುತ್ತಾನಾ ಎಂದು ಕೇಳಿದ. ಅವರ ಕಣ್ಣಲ್ಲಿ ನೀರು ತುಂಬಿತು. ಮುರಳಿಗೆ ಮೈ ಉರಿದುಹೋಯಿತು. ಥೂ, ಹೆತ್ತವಳ ಮೇಲೆ ಕೈ ಮಾಡುವವನಿಗೆ ಓದು ಬೇರೆ ಕೇಡು! ಸೊಸೆ ಶಿರೀಷಾ ಎಲ್ಲಿ ಎಂದದ್ದಕ್ಕೆ, ತವರಿಗೆ, ಬೆಳುಗುಪ್ಪಕ್ಕೆ ಹೋಗಿದ್ದಾಳೆ ಎಂದರು. ಪಾಪ, ಗಂಡನ ಏಟಿಗೆ ಹೆದರಿಯೇ ಓಡಿರಬೇಕು ಎಂದು ಮುರಳಿ ತಾನೇ ತೀರ್ಮಾನಿಸಿಬಿಟ್ಟ.

ಫೋನು ಗುಂಯ್‌ಗುಟ್ಟಿತು. ಪದ್ಮಾವತಮ್ಮ ಅದನ್ನು ಮುರಳಿಯ ಮುಖಕ್ಕೆ ಹಿಡಿದರು. ಮಗನ ಮೆಸೇಜು. "ರೊದ್ದಂ ದಾಟಿದೀನಿ. ನಾನು ಬರೋವರ್ಗೂ ಮುಟ್ಟಿದ್ರೆ ಕೈ ಮುರಿದಾಕ್ತೀನಿ."

ಬರಲಿ ಬಿಡಿ, ನಾನಿದ್ದೀನಿ ಎಂದ ಮುರಳಿ.

ಪೆನ್‌ಡ್ರೈವಿನಲ್ಲಿದ್ದ ಮೂರು ಟೂಲುಗಳಲ್ಲಿ ಮೊದಲನೆಯದು ಪುಕ್ಕಟೆಯದು. ಎಲ್ಲಾ ಜಾಲಾಡಿ, ಏನೂ ಇಲ್ಲವೆಂದು ಹಸಿರು ಗುರುತು ತೋರಿಸಿತು. ಮುರಳಿ ನಂಬಲಿಲ್ಲ. ಇಂಥವು ಹೊರಗಿನಿಂದ ನುಗ್ಗಿದ ವೈರಸ್ಸನ್ನು ಹಿಡಿಯುತ್ತವೆ, ಮನೆಯವರೇ ಕೈಯಾರೆ ಕೂರಿಸಿದ್ದನ್ನು ನೆಂಟನೆಂದು ಬಿಟ್ಟುಬಿಡುತ್ತವೆ. ಎರಡನೆಯದು ಹಿಡಿಯಿತು. ಪ್ರಿಂಟರಿನ ಹೆಸರು ಹಾಕಿಕೊಂಡು ಕೂತಿತ್ತು ಕಳ್ಳಮುಂಡೇದು. ರೆಕಾರ್ಡಿಂಗೆಲ್ಲ ಈ ಡಿಸ್ಕಿನಲ್ಲೇ ಇತ್ತು, ಯುವರಾಜ ಅಲ್ಲಿಂದ ಇದನ್ನೇ ತೆರೆದು ನೋಡುತ್ತಿದ್ದ. ಈ ಟೂಲು ಅದನ್ನು ಕಟ್ಟಿಹಾಕುತ್ತದೆ ಅಷ್ಟೆ, ಕೂಡಿಟ್ಟದ್ದು ಹಾಗೇ ಉಳಿಯುತ್ತದೆ. ಮೂರನೆಯದು ಬುಡಸಮೇತ ಅಳಿಸುತ್ತದೆ. ಆಮೇಲೆ ಯಾರಪ್ಪನಿಂದಲೂ ವಾಪಸ್ಸು ತರಲಾಗದು.

ಎರಡನೆಯದನ್ನೇ ಹಾಕೋಣ ಎಂದ ಮುರಳಿ. ಪೊಲೀಸರಿಗೆ ತೋರಿಸಲು ಸಾಕ್ಷಿ ಉಳಿಯುತ್ತದೆ.

"ಹೆತ್ತ ಮಗನ್ನ ಸ್ಟೇಷನ್ ಮೆಟ್ಲು ಹತ್ತಿಸ್ಲಾ?" ಪದ್ಮಾವತಮ್ಮ ತಲೆಯಾಡಿಸಿದರು. "ಒಂದೂ ಉಳೀಬಾರ್ದು. ಎಲ್ಲಾ ಅಳಿಸಾಕ್ಬುಡು."

ತಾಯಿಕರುಳು ಎಂದರೆ ಇದಪ್ಪಾ ಎಂದುಕೊಂಡ. ಅವರ ಮಾನದ ಮಾತಲ್ಲವೇ, ಒಂದು ರೆಕಾರ್ಡಿಂಗನ್ನೂ ತೆರೆದು ನೋಡದೆ ಮೂರನೆಯದನ್ನು ಓಡಿಸಿದ. ಹಸಿರು ಪಟ್ಟಿ ತೆವಳತೊಡಗಿತು.

ಆಗ ಕಂಡದ್ದು, ಮಗ್ಗದ ಮೇಲೆ ಎಳೆಗಳು ಹರಿದು ಬಟ್ಟೆ ಕೆಡುತ್ತಿತ್ತು. ನಿಲ್ಲಿಸಿ ಎಂದ. ಸದ್ದಿದ್ದರೆ ಒಂದು ಧೈರ್ಯ, ಇರಲಿ ಎಂದರು. ಅದರಾಚೆ ರೇಷ್ಮೆ ಇಡುವ ಕೋಣೆಗೆ ಬೀಗ, ಬೀಗದ ಕೈ ಅವರ ಸೊಂಟದಲ್ಲಿ. ರೇಷ್ಮೆಯ ಬೆಲೆ ಗೊತ್ತಿದ್ದ ಮುರಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಪದ್ಮಾವತಮ್ಮ ಮಗ್ಗದ ಹಿಂದಿನಿಂದ ದಪ್ಪ ಮರದ ಕೋಲೊಂದನ್ನು ತಂದು ಅವನ ಕೈಗಿತ್ತರು. ಹೇಗೆ ಹಿಡಿಯಬೇಕೆಂದೂ ತೋರಿಸಿದರು. ತೊಡೆಗೆ ಹೊಡಿ, ಬೆನ್ನಿಗೆ ಹೊಡಿ, ಬಟ್ಟೆಯೊಳಗೆ ಗುರುತು ಕಾಣುವುದಿಲ್ಲ ಎಂದರು. ಅಯ್ಯೋ ಶಿವನೇ, ಎಷ್ಟು ಏಟು ತಿಂದು ಕಲಿತದ್ದೋ ಎಂದು ಮುರಳಿಯ ಕರುಳು ಚುರುಕ್ಕೆಂದಿತು.

ಪಟ್ಟಿ ತುದಿ ಮುಟ್ಟಿತು. ಪೂರ್ತಿ ಅಳಿಸಲಾಗಿದೆ ಎಂದು ಸ್ಕ್ರೀನಿನಲ್ಲಿ ಅಕ್ಷರ ಮೂಡುವುದಕ್ಕೂ ಬಾಗಿಲಿಗೆ ಒದೆ ಬೀಳುವುದಕ್ಕೂ ಸರಿಹೋಯಿತು.

ಎರಡನೇ ಒದೆಗೆ ಚಿಲಕ ಕಿತ್ತು ಬಂತು. ಯುವರಾಜ ಅಡ್ಡ ಬಂದ ತಾಯಿಯನ್ನು ಗೋಡೆಗೆ ನೂಕಿದ. ಅವರು ಧೊಪ್ಪನೆ ಬಿದ್ದರು. ಅವನ ಕಣ್ಣು ಸ್ಕ್ರೀನಿನ ಮೇಲೆ ನಿಂತಿತು.

"ಅಳಿಸ್ಬುಟ್ಯಾ?"

ಒಂದೂ ಬಿಟ್ಟಿಲ್ಲ ಎಂದ ಮುರಳಿ, ಹೆಮ್ಮೆಯಿಂದಲೇ.

ಯುವರಾಜನ ಮುಖ ಕಪ್ಪಿಟ್ಟಿತು. ಮರುಗಳಿಗೆ ಮಗ್ಗದ ಕಡೆ ನುಗ್ಗಿದ. ಹೊಡೆಯಲು ಕಬ್ಬಿಣದ ಸರಳು ಎಳೆದುಕೊಳ್ಳಲು ಹೊರಟ ಎಂದುಕೊಂಡು ಮುರಳಿ ಕೋಲು ಬೀಸಿದ. ತೊಡೆಗೆ ಬಿತ್ತು. ಬೆನ್ನಿಗೆ ಬಿತ್ತು. ಮುಗ್ಗರಿಸಿದವನು ನೆಲದ ಮೇಲೇ ತೆವಳಿದ. ಮತ್ತೊಂದು ಏಟು ತಪ್ಪಿ ತಲೆಗೇ ಬಿತ್ತು, ರಕ್ತ ಕಿವಿಯ ಮೇಲೆ ಹರಿದು ಅಂಗಿ ತೊಯ್ದಿತು. ಹೊಡಿ, ಇನ್ನೂ ಹೊಡಿ ಎನ್ನುತ್ತಿದ್ದರು ಪದ್ಮಾವತಮ್ಮ. ದನಿಯಲ್ಲಿ ಅಳುವಿನ ಸುಳಿವೂ ಇರಲಿಲ್ಲ. ರೋಷ ನೆತ್ತಿಗೇರಿದ್ದ ಮುರಳಿ ಹೊಡೆಯುತ್ತಲೇ ಹೋದ. ಯುವರಾಜ ತಿರುಗಿ ಕೈ ಎತ್ತಲಿಲ್ಲ, ಏಟಿಗೆ ಅಡ್ಡವೂ ಹಿಡಿಯಲಿಲ್ಲ. ಗೋಡೆ ಹಿಡಿದು ಎದ್ದ. ಮಗ್ಗದ ಸ್ವಿಚ್ಚನ್ನು ಕೆಳಗೆಳೆದು ಅಲ್ಲೇ ಕುಸಿದ.

ಮನೆಯೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ಬೀಗ ಹಾಕಿದ ಕೋಣೆಯೊಳಗಿನಿಂದ ಹೆಣ್ಣು ದನಿಯೊಂದು ಸಣ್ಣಗೆ ಕೇಳಿತು.

"ಅತ್ತೆಮ್ಮ, ಮಗ್ಗ ನಿಂತೈತೆ. ಇವತ್ತಿನ ಏಟು ಮುಗೀತಾ?"