ನಾದಿನಿಯ ಪಾಲಿನ ಗಂಟೆ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ಶುಕ್ರವಾರ ಬೆಳಿಗ್ಗೆ ಮಂಜು ಚರ್ಚಿನ ಬಾಗಿಲವರೆಗೂ ಬಂದು ನಿಂತಿತ್ತು. ಶಿಲುಬೆಯ ಮುಂದೆ ಒಬ್ಬೊಬ್ಬರು ಒಂದೊಂದು ಗಂಟೆ ಪ್ರಾರ್ಥಿಸುವ ದಿನ. ಬಟ್ಟೆ ಹೊಲಿಯುವ ವಿಧವೆ ತನ್ನ ಗಂಟೆ ಮುಗಿಸಿ, ಇನ್ನೂ ಬಾರದ ನಾದಿನಿಯ ಗಂಟೆಗೂ ತಾನೇ ಮಂಡಿಯೂರಿದ್ದಳು. ಗಂಡನನ್ನು ಮಣ್ಣು ಮಾಡಿದ ದಿನವೇ ಇಬ್ಬರ ನಡುವೆ ಮಾತು ಮುರಿದಿತ್ತು; ಅದಾಗಿ ಆರು ವರ್ಷವಾಗಿತ್ತು.

“ಅವಳು ಬರಲ್ಲ ತಾಯಿ, ಪಟ್ಟಿಯಿಂದ ಹೆಸರು ಹೊಡೆದುಹಾಕ್ಲಾ? ನಿನ್ನ ಮಂಡಿ ನನ್ನದಕ್ಕಿಂತ ಮೊದಲೇ ಸವೆದುಹೋಗುತ್ತೆ,” ಎಂದ ಚರ್ಚ್ ಗುಡಿಸುವ ತಾತ.

“ಇರಲಿ ಬಿಡಿ ತಾತ. ಮನೇಲಿ ನನಗಾಗಿ ಯಾರು ಕಾಯ್ತಿದ್ದಾರೆ?”

ಹಿಂದೆ ಹೆಜ್ಜೆಯ ಸದ್ದಾಯಿತು. ಮಂಜಿನಲ್ಲಿ ನೆನೆದ ಶಾಲು ಹೊದ್ದಿದ್ದ ನಾದಿನಿ ಪಕ್ಕದಲ್ಲೇ ಮಂಡಿಯೂರಿ, ಅವಳ ಕೈಯಿಂದ ಪ್ರಾರ್ಥನೆಯ ಪುಸ್ತಕ ತೆಗೆದುಕೊಂಡಳು.

“ಇದು ನನ್ನ ಗಂಟೆ, ಅತ್ತಿಗೆ. ನೀವು ಗೋಡೆಗೆ ಒರಗಿಕೊಳ್ಳಿ,” ಎಂದು, ಅತ್ತಿಗೆ ನಿಲ್ಲಿಸಿದ್ದ ಸಾಲಿನಿಂದಲೇ ಓದತೊಡಗಿದಳು.